ಎಪ್ಪತ್ತಮೂರು

ಮಾತೇ ಹೊಟ್ಟೆಪಾಡಾದವರಲ್ಲಿ ನಾನೂ ಒಬ್ಬ. ಪಂಪನ ಪುಲಿಗೆರೆ, ಎಂದರೆ ಈಗಿನ ಲಕ್ಷ್ಮೇಶ್ವರ, ನಮ್ಮ ಶಿರಹಟ್ಟಿಗೆ ನೆರೆಯೂರು. ಆ ಕವಿ ತನ್ನ ನುಡಿಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಕರೆದುಕೊಂಡನಷ್ಟೆ. ಅದರಲ್ಲಿಯ 'ತಿರುಳು' ಎಂಬ ಒಂದು ಮಾತನ್ನು ವಿವರಿಸಲು ನಾನು ಕಾಲೇಜಿನಲ್ಲಿ ಮೂರು ತಾಸು ತೆಗೆದುಕೊಳ್ಳುತ್ತೇನೆ. ತಿರುಳಿಗೆ ಇಷ್ಟೊಂದು ಸಿಪ್ಪೆ ಯಾಕೆಂದು ಹಿಂದಿನ ಬೆಂಚಿನವನೊಬ್ಬ ಗೊಣಗಿದ್ದೂ ಉಂಟು. ಇಂಥ ನಾನು ಹದಿಮೂರು ಸೆಕೆಂಡು ತುಂಬುವ ಮೊದಲೇ ಮುಗಿದುಹೋಗುವ ಮಾತಿಗೆ ಮರುಳಾಗಿದ್ದೇನೆಂದರೆ ನನ್ನನ್ನು ಬಲ್ಲವರು ನಗುತ್ತಾರೆ.

ನಮ್ಮಪ್ಪ ಮಾತ್ರ ನನಗೆ ತೀರ ವಿರುದ್ಧ. ಅವರು ತಂತಿ ಗುಮಾಸ್ತರಾಗಿದ್ದವರು. ಮಾತಿಗೆ ಇಷ್ಟು ಎಂದು ಕಾಸು ಎಣಿಸಿಕೊಂಡು ಮೂವತ್ತು ವರ್ಷ ದುಡಿದದ್ದರಿಂದಲೋ ಏನೋ, ಮನೆಯಲ್ಲಿಯೂ ಮಾತನ್ನು ಎಣಿಸಿಯೇ ಆಡುವರು. ೨೦೦೦ನೆಯ ಇಸವಿಯಲ್ಲಿ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿದಾಗ ಅವರಿಗೆ ನಾಲ್ಕು ಪುಟದ ಪತ್ರ ಬರೆದೆ. ಉತ್ತರವಾಗಿ ಬಂದದ್ದು ಒಂದು ಶುಭಾಶಯದ ತಂತಿ. ಅದೂ ಸ್ವಂತ ಮಾತಲ್ಲ. ಆಗ ತಂತಿ ಕಚೇರಿಯಲ್ಲಿ ಪರೀಕ್ಷೆಗೆ, ಮದುವೆಗೆ, ಹಬ್ಬಕ್ಕೆ ಎಂದು ಸಿದ್ಧ ವಾಕ್ಯಗಳಿರುತ್ತಿದ್ದವು. ಕಳಿಸುವವನು ವಾಕ್ಯದ ನಂಬರು ಹೇಳಿದರೆ ಸಾಕು, ಆ ತುದಿಯಲ್ಲಿ ವಾಕ್ಯ ಮೂಡುತ್ತಿತ್ತು. ಹೆತ್ತ ಮಗನಿಗೆ ನಂಬರು! ತಂತಿ ಸೇವೆಯೇ ೨೦೧೩ರ ಜುಲೈಯಲ್ಲಿ ನಿಂತುಹೋಯಿತು. ನನ್ನ ಮನಸ್ಸಿನಲ್ಲಿಯ ಆ ಮುಳ್ಳು ನಿಲ್ಲಲಿಲ್ಲ. ಈಗ ಅಪ್ಪನಿಗೆ ಎಂಬತ್ತೆರಡು. ಕಿವಿ ಪೂರಾ ಮಂದ. ನಮ್ಮಿಬ್ಬರ ಮಾತು "ಊಟಾತೇನು?" "ಆತ್ರಿ" ಎಂಬಲ್ಲಿಗೆ ಬಂದು ನಿಂತಿತ್ತು.

ಇರಲಿ, ರೇಡಿಯೋದ ವಿಷಯಕ್ಕೆ ಬರುತ್ತೇನೆ. ಸರಕಾರದ ಪರೀಕ್ಷೆ ಕೊಟ್ಟು, ಪರವಾನಿಗೆ ಪಡೆದು, ಮನೆಯಲ್ಲಿಯೇ ರೇಡಿಯೋ ಇಟ್ಟುಕೊಂಡು ದೇಶಾಂತರದವರೊಡನೆ ಮಾತಾಡುವ ಹವ್ಯಾಸಕ್ಕೆ ಹ್ಯಾಮ್ ರೇಡಿಯೋ ಎಂದು ಹೆಸರು. ನಲವತ್ತು ದಾಟಿದ ಮೇಲೆ ನನಗೆ ಅದರ ಗೀಳು ಹಿಡಿಯಿತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಆರಂಭಿಸಿದರಲ್ಲ, ಮಾಸ್ತರರಿಗೆ ಇದು ಹೊಸದೇನೂ ಅಲ್ಲ ಎಂದು ಹೆಂಡತಿಯ ಮುಂದೆ ವಾದಿಸಿದೆ. "ಅವರ ಮನ್ಯಾಗಿಂದ ಸಂಗೀತ ಬರ್ತಿತ್ತಂತ್ರಿ. ನಿಮ್ಮ ಪೆಟ್ಟಿಗಿ ಬರೇ ಸುಂಯ್ ಅಂತೈತಿ" ಎಂದಳು. ಮಾಳಿಗೆಯಿಂದ ಬೇವಿನ ಮರಕ್ಕೆ ನಾನು ಎಳೆದ ಮೂವತ್ತಮೂರು ಅಡಿಯ ತಂತಿಯ ಮೇಲೆ ಅವಳು ಮರುದಿನವೇ ಒಗೆದ ಬಟ್ಟೆ ಹರವಿದಳು.

ಅವಳ ಮಾತು ಸುಳ್ಳಲ್ಲ. ಇಪ್ಪತ್ತು ವ್ಯಾಟಿನ ನನ್ನ ಕೂಗು ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಆಗ ಬೆಂಗಳೂರಿನ ಸೋದರಳಿಯ ಹೊಸದು ಕೊಂಡು, ತನ್ನ ಹಳೆಯ ಮ್ಯಾಕ್ ಗಣಕವನ್ನು ನನಗೆ ದಾಟಿಸಿದ. ಕ್ಷೀಣ ಸಂಕೇತಗಳಿಗೆಂದೇ ಒಂದು ಪ್ರೋಗ್ರಾಮು ಉಂಟು, ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂದು. ಅದರ ಹಿಂದಿರುವ ಹಿರಿಯರು ಅಮೆರಿಕದ ಜೋಸೆಫ್ ಟೇಲರ್. ಆಕಾಶದ ಜೋಡಿ ನಕ್ಷತ್ರವೊಂದರ ಕ್ಷೀಣ ಮಿಡಿತವನ್ನು ೧೯೭೪ರಲ್ಲಿ ಶಿಷ್ಯ ಹಲ್ಸ್‌ನೊಡನೆ ಗುರುತಿಸಿ, ಅದಕ್ಕಾಗಿ ೧೯೯೩ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಅವರೂ ಸ್ಟೀವ್ ಫ್ರಾಂಕೆ ಎಂಬ ಇನ್ನೊಬ್ಬರೂ ಕೂಡಿ ೨೦೧೭ರಲ್ಲಿ ಎಫ್‌ಟಿ-೮ ಎಂಬ ಪದ್ಧತಿಯನ್ನು ಹೊರತಂದರು.

ಮ್ಯಾಕಿನಲ್ಲಿ ಅದನ್ನು ನಡೆಸುವುದು ಸಾಹಿತ್ಯದ ಮಾಸ್ತರನಿಗೆ ಸುಲಭವಲ್ಲ. ಈ ಪ್ರೋಗ್ರಾಮಿನಲ್ಲಿ ಎರಡು ಭಾಗಗಳು. ಒಂದು ಕೇಳುತ್ತದೆ, ಇನ್ನೊಂದು ಕೇಳಿದ್ದರ ಅರ್ಥ ಬಿಡಿಸುತ್ತದೆ. ಎರಡಕ್ಕೂ ನಡುವೆ ಹಂಚಿಕೊಳ್ಳುವ ನೆನಪಿನ ಜಾಗ ಬೇಕು. ಅದಕ್ಕೆಂದು ಒಂದು ಸಣ್ಣ ಕಡತವನ್ನು ಗಣಕದ ಒಳಕೋಣೆಯಲ್ಲಿಟ್ಟು, ಗಣಕವನ್ನು ಒಮ್ಮೆ ಮಲಗಿಸಿ ಎಬ್ಬಿಸಬೇಕು. ಅದನ್ನೇನೋ ಮಾಡಿದೆ. "ಈ ಪ್ರೋಗ್ರಾಮು ಮೈಕ್ರೋಫೋನು ಬಳಸಬಹುದೆ?" ಎಂದು ಮ್ಯಾಕ್ ಕೇಳಿತು. ನನ್ನ ಮನೆಯ ಮಾತನ್ನು ಇದೇಕೆ ಕೇಳಬೇಕೆಂದು ಬಿಗುಮಾನದಿಂದ "ಬೇಡ" ಒತ್ತಿದೆ. ಮೂರು ದಿನ ತೆರೆ ಬರಿದು. ರೇಡಿಯೋದ ದನಿ ಗಣಕದೊಳಕ್ಕೆ ಹೋಗುವುದೇ ಮೈಕ್ರೋಫೋನಿನ ಲೆಕ್ಕದಲ್ಲಿ ಎಂಬುದು ನಾಲ್ಕನೆಯ ದಿನ ಹೊಳೆಯಿತು. ತಪ್ಪು ಯಂತ್ರದ್ದಲ್ಲ, ಕೇಳಬೇಡವೆಂದು ಹೇಳಿ, ಕೇಳಿಸುತ್ತಿಲ್ಲವೆಂದು ಕೊರಗಿದ ನನ್ನದು. ಅನುಮತಿಯನ್ನು ತಿದ್ದಿದೊಡನೆ ಬಣ್ಣದ ಗೆರೆಗಳು ಮೇಲಿನಿಂದ ಕೆಳಕ್ಕೆ ಇಳಿಯತೊಡಗಿದವು. ಇದಕ್ಕೆ 'ಜಲಪಾತ'ವೆಂದೇ ಹೆಸರು. ಮಳೆಗಾಗಿ ಮುಗಿಲು ನೋಡುವ ನಮ್ಮ ಶಿರಹಟ್ಟಿಯಲ್ಲಿ ನಾನು ಕಂಡ ಮೊದಲ ಜಲಪಾತ ಅದೇ.

ಇದರ ಶಿಸ್ತು ನೋಡಿ. ಒಂದು ನಿಮಿಷದಲ್ಲಿ ಹದಿನೈದು ಸೆಕೆಂಡಿನ ನಾಲ್ಕು ಪಾಳಿ. ಒಂದು ಪಾಳಿಯಲ್ಲಿ ನಾನು ೧೨.೬೪ ಸೆಕೆಂಡು ಕೂಗಬೇಕು, ಮುಂದಿನ ಪಾಳಿ ಬಾಯಿ ಮುಚ್ಚಿ ಕೇಳಬೇಕು. ಗಡಿಯಾರ ಒಂದೆರಡು ಸೆಕೆಂಡು ತಪ್ಪಿದರೂ ಆಟ ಕೆಟ್ಟಿತು. ಎಂಟೇ ಸ್ವರಗಳು. ಹೇಳುವುದಾದರೂ ಏನು? ಅವನ ಕರೆಹೆಸರು, ನನ್ನ ಕರೆಹೆಸರು, ಊರಿನ ಚೌಕದ ಗುರುತು. ಭೂಗೋಳವನ್ನೆಲ್ಲ ಚೌಕಗಳಾಗಿ ಹೆಚ್ಚಿದ್ದಾರೆ. ಶಿರಹಟ್ಟಿ ಅಲ್ಲಿ 'ಎಂಕೆ ೭೫'. ಆಮೇಲೆ, ನೀನು ನನಗೆ ಎಷ್ಟು ಕೇಳಿಸಿದೆ ಎಂಬ ಒಂದು ಅಂಕೆ. ಕೊನೆಗೆ '೭೩'. ಹಳೆಯ ತಂತಿಯವರ ಸಂಕೇತದಲ್ಲಿ ಅದು ಶುಭಾಶಯ. ಸ್ವಂತ ಮಾತು ಬೇಕೆನ್ನುವವರಿಗೆ ಹದಿಮೂರು ಅಕ್ಷರದ ದಾನ, ಅದೂ ರೋಮನ್ ಲಿಪಿಯಲ್ಲಿ. ತಿರುಳ್ಗನ್ನಡಕ್ಕೆ ಅಲ್ಲಿ ಎಡೆಯಿಲ್ಲ. ಇಷ್ಟು ಹಿಡಿತವಾಗಿ ಕಟ್ಟಿದ ಮಾತಿನ ಜೊತೆಗೆ, ದಾರಿಯಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಬೇಕಾದ ಗುರುತುಗಳನ್ನು ಧಾರಾಳವಾಗಿ ಸೇರಿಸಿ ಕಳಿಸುತ್ತಾರೆ. ಅದಕ್ಕೇ ಗದ್ದಲದ ಅಡಿಯಲ್ಲಿ ಹೂತ ಮಾತೂ ಇಡಿಯಾಗಿ ಮೇಲೇಳುತ್ತದೆ.

ಒಂದು ಸಂಜೆ ಕೂಗಿದೆ. ಇಟಲಿಯವನೊಬ್ಬ ಓಗೊಟ್ಟ. ಚಳಿಗಾಲಕ್ಕೆ ನಮ್ಮ ಕಡೆಯ ಮಾಗಡಿ ಕೆರೆಗೆ ಹಿಮಾಲಯವನ್ನೇ ದಾಟಿ ಪಟ್ಟೆತಲೆಯ ಬಾತುಗಳು ಬಂದಿಳಿಯುವುದನ್ನು ಕಂಡಾಗ ಆಗುವ ಬೆರಗೇ ಆಯಿತು. ಅವನು ಕೊಟ್ಟ ಅಂಕೆ ಮೈನಸ್ ೧೯. ಅಲ್ಲಿಯ ಗದ್ದಲ ಎಂಬತ್ತು ಪಾಲಾದರೆ ನನ್ನ ದನಿ ಒಂದೇ ಪಾಲು.

ಹಿಂದೆ ಅಪ್ಪ ಬಂದು ನಿಂತದ್ದು ಗೊತ್ತಾಗಲಿಲ್ಲ. ಕಿವಿ ಕೇಳದವರಿಗೂ ತೆರೆಯ ಮೇಲಿನ ಅಕ್ಷರ ಕಾಣುತ್ತದೆಯಷ್ಟೆ.

"ಇದೇನೋ, ಎಪ್ಪತ್ತಮೂರು?"

ಹಾಳೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದೆ: ಶುಭಾಶಯ.

ಅಪ್ಪ ನಕ್ಕರು. "ಅಂದ್ರ ಇವರೂ ನಂಬರ್‌ನ್ಯಾಗ ಹೇಳ್ತಾರು."

ಇಪ್ಪತ್ತೈದು ವರ್ಷದ ಮುಳ್ಳು ಆ ಗಳಿಗೆ ಚುಚ್ಚಿತು. ಅದೇ ಹಾಳೆಯ ಮೇಲೆ ಬರೆದೆ: ನನಗೂ ನಂಬರು ಹಾಕಿಯೇ ಕಳಿಸಿದಿರಲ್ಲ?

ಅಪ್ಪ ಬಹಳ ಹೊತ್ತು ಹಾಳೆ ಹಿಡಿದುಕೊಂಡು ನಿಂತರು. "ನಿನ್ನ ಪತ್ರಕ್ಕ ಎಂಟು ಸಾಲು ಬರದಿದ್ದೆ. ಕನ್ನಡದ ಮಾತು, ಇಂಗ್ಲೀಷ ಅಕ್ಷರ. ಅವತ್ತ ಲೈನ್ ಕೆಟ್ಟಿತ್ತು. ಎರಡ ಸಲ ಕಳಿಸಿದೆ. ಎರಡೂ ಸಲ ಆ ಕಡಿಯಾವ ಅರ್ಧಾ ತಪ್ಪಿ ತಿರುಗಿ ಹೇಳಿದ. ಉದ್ದ ಮಾತು ಹಾದ್ಯಾಗ ಮುರೀತಾವಪಾ. ನಂಬರ್ ಮುರಿಯೂದಿಲ್ಲ."

ಆ ಎಂಟು ಸಾಲಿನಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಈಗ ಸಂಜೆಯಾದರೆ ಅಪ್ಪ ನನ್ನ ಪಕ್ಕದ ಕುರ್ಚಿಯಲ್ಲಿ ಕೂಡುತ್ತಾರೆ. ನನ್ನ ಕೂಗು ಮುಗಿದೊಡನೆ ಬೆರಳೆತ್ತಿ, ಇನ್ನು ಕೇಳು ಎಂದು ಸನ್ನೆ ಮಾಡುತ್ತಾರೆ. ತಂತಿಯವರ ಶಿಸ್ತು, ಒಂದು ಸೆಕೆಂಡೂ ತಪ್ಪುವುದಿಲ್ಲ. ನಿನ್ನೆ ರಾತ್ರಿ ಮಲಗಲು ಹೋಗುವಾಗ ಬಾಗಿಲಲ್ಲಿ ನಿಂತು, ಎಂದಿನಂತೆ "ಊಟಾತೇನು?" ಎಂದರು. ಅವರ ಎದುರಿಗೇ ಕೂತು ಉಂಡಿದ್ದೆ. ಆದರೂ "ಆತ್ರಿ" ಎಂದು ಗಟ್ಟಿಯಾಗಿ ಹೇಳಿ, ತಲೆಯಾಡಿಸಿದೆ. ಎರಡೇ ಮಾತು. ಒಂದು ಅಕ್ಷರವೂ ಹಾದಿಯಲ್ಲಿ ಮುರಿಯದೆ ಮುಟ್ಟಿತು.