ಮರುನಾಡಿನ ಅತಿಥಿಗಳೊಡನೆ ಕಲ್ಯಾಣ, ಹುಮನಾಬಾದ

ಸಂಸ್ಕೃತದ ನಿಘಂಟುಕಾರರು ‘ಮರು’ ಎಂಬ ಶಬ್ದಕ್ಕೆ, ನೀರಿಲ್ಲದೆ ಪ್ರಾಣಿಗಳು ಸಾಯುವ ಸ್ಥಳವೆಂದು ವ್ಯುತ್ಪತ್ತಿಯನ್ನು ಹೇಳುತ್ತಾರೆ. ಲೋಕದ ಗತಿಯಾದರೋ ವಿಚಿತ್ರವಾದುದು. ಇಂದು ನಮ್ಮ ಬೀದರ ಸೀಮೆಯ ಎಷ್ಟೋ ಮನೆಗಳಲ್ಲಿ ಒಲೆಯು ಉರಿಯುತ್ತಿರುವುದು ಆ ಮರುಭೂಮಿಯಿಂದ ಬರುವ ಹಣದಿಂದಲೇ. ಮಳೆ ತಪ್ಪಿದ ವರ್ಷ ಹೈದರಾಬಾದಿಗೋ ಮುಂಬಯಿಗೋ ಹೋಗಿ ದುಡಿದು ಬರುವುದು ಈ ಸೀಮೆಯವರಿಗೆ ಹಿಂದಿನಿಂದ ಬಂದ ರೂಢಿ. ಸಮುದ್ರವನ್ನು ದಾಟಿ ಅರಬರ ದೇಶಗಳಿಗೆ ಹೋಗುವುದು ಈಚಿನ ಕೆಲವು ದಶಕಗಳ ಮಾತು. ಹೋದವರ ವಿಷಯವಾಗಿ ಊರಿನಲ್ಲಿ ಎರಡೇ ಬಗೆಯ ಕಥೆಗಳು ಹುಟ್ಟುತ್ತವೆ. ಅವರು ಹೊನ್ನಿನ ಮಳೆಯಲ್ಲಿ ನೆನೆಯುತ್ತಿರುವರೆಂಬುದೊಂದು. ಕಣ್ಣೀರಿನಲ್ಲಿ ಕೈತೊಳೆಯುತ್ತಿರುವರೆಂಬುದು ಮತ್ತೊಂದು. ಇವೆರಡರ ನಡುವಣ ಬಾಳು ಎಂತಹುದೆಂಬುದನ್ನು ಕಳೆದ ಚಳಿಗಾಲದಲ್ಲಿ ನಾವು ಬಂಧುಗಳ ಬಾಯಿಂದಲೇ ಕೇಳಿದೆವು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹುಮನಾಬಾದದಲ್ಲಿರುವ ನಮ್ಮ ಅಕ್ಕನ ಮಗನು ೨೦೦೬ನೆಯ ಇಸವಿಯಿಂದ ದುಬೈ ನಗರದಲ್ಲಿ ವಿದ್ಯುತ್ತಿನ ಕೆಲಸದಲ್ಲಿದ್ದಾನೆ. ಗೋಡೆಗಳಲ್ಲಿ ತಂತಿ ಎಳೆಯುವ ಕೆಲಸದಿಂದ ಆರಂಭಿಸಿ ಈಗ ಇಪ್ಪತ್ತು ಜನರ ಮೇಲ್ವಿಚಾರಕನಾಗಿದ್ದಾನೆ. ಅವನಿಗೆ ಹನ್ನೆರಡು ವರ್ಷದ ಮಗಳೊಬ್ಬಳು. ಹುಟ್ಟಿದುದೂ ಬೆಳೆದುದೂ ಅಲ್ಲಿಯೇ. ಹದಿನೈದು ದಿನದ ರಜೆಯಲ್ಲಿ ತಂದೆ ಮಗಳಿಬ್ಬರೂ ಬಂದರು. ಬಂದ ಕಾರಣ ಮಾತ್ರ ಅಕ್ಕನಿಗೆ ಸಂತೋಷವನ್ನುಂಟುಮಾಡುವಂತಹುದಲ್ಲ. ಹುಮನಾಬಾದದ ಹಿರಿಯರ ಮನೆಗೆ ಒಳ್ಳೆಯ ಬೆಲೆ ಕೊಡುವವರೊಬ್ಬರು ಸಿಕ್ಕಿದ್ದರು. ಅದನ್ನು ಮಾರಿ ಬೆಂಗಳೂರಿನಲ್ಲಿ ಏಳನೆಯ ಅಂತಸ್ತಿನ ಫ್ಲ್ಯಾಟೊಂದನ್ನು ಕೊಂಡು ತಾಯಿಯನ್ನು ಅಲ್ಲಿರಿಸಬೇಕೆಂದು ಮಗನ ಎಣಿಕೆ. ನೋಂದಣಿಗೆ ಮೊದಲು ಮಗಳಿಗೆ ಊರನ್ನು ತೋರಿಸುವ ಕೆಲಸವನ್ನು ನಮಗೆ ಒಪ್ಪಿಸಿದನು. ನಾವು ವಾಸಿಸುವುದು ಬಸವಕಲ್ಯಾಣದಲ್ಲಾದುದರಿಂದ ಮೊದಲ ದಿನ ಅಲ್ಲಿಂದಲೇ ಆರಂಭಿಸಿದೆವು.

ಬಸವಕಲ್ಯಾಣವೆಂಬ ಹೆಸರು ೧೯೫೬ರಿಂದೀಚಿನದು. ಅದಕ್ಕೆ ಮುಂಚೆ ಕಲ್ಯಾಣಿ, ಇನ್ನೂ ಮುಂಚೆ ಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದನು. ಅವನ ಮಗ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ಐವತ್ತು ವರ್ಷ ಇಲ್ಲಿಂದಲೇ ಆಳಿದನು. ಇಂದು ಕಾಣುವ ಕೋಟೆಯ ಗೋಡೆ ಬುರುಜುಗಳಲ್ಲಿ ಬಹುಭಾಗ ಬಹಮನಿಯರ ಕಾಲದಿಂದೀಚಿನವು. ಬಾಗಿಲಿನಿಂದ ಬಾಗಿಲಿಗೆ ದಾರಿ ಸುತ್ತಿಕೊಂಡು ಹೋಗುತ್ತದೆ. ಅಲ್ಲೊಂದು ನೆರಳಿನಲ್ಲಿ ಕುಳಿತು ನಾವು ಮಗುವಿಗೆ ಬಿಲ್ಹಣ ಕವಿಯ ವೃತ್ತಾಂತವನ್ನು ಹೇಳಿದೆವು. ಅವನು ಕಾಶ್ಮೀರದವನು, ಆಶ್ರಯವನ್ನು ಹುಡುಕುತ್ತ ಭರತಖಂಡವನ್ನೆಲ್ಲ ಸುತ್ತಿ ಕಡೆಗೆ ಕಲ್ಯಾಣಕ್ಕೆ ಬಂದನು, ವಿಕ್ರಮಾದಿತ್ಯನು ಅವನಿಗೆ ವಿದ್ಯಾಪತಿ ಎಂಬ ಬಿರುದನ್ನಿತ್ತನು, ಅವನು ‘ವಿಕ್ರಮಾಂಕದೇವಚರಿತ’ವೆಂಬ ಕಾವ್ಯವನ್ನು ಬರೆದನು.

“ಅವನಿಗೆ ವೀಸಾ ಬೇಕಾಗಿರಲಿಲ್ಲವೇ, ಅಜ್ಜಾ?” ಎಂದು ಹುಡುಗಿ ಕೇಳಿದಳು.

ನಾವು ನಕ್ಕೆವು, ಅವಳ ತಂದೆ ನಗಲಿಲ್ಲ. “ಮಾಮಾ, ನಮ್ಮ ಮನೆಯಲ್ಲಿ ದೇವರ ಪಟಕ್ಕಿಂತ ಹೆಚ್ಚು ಜೋಪಾನವಾಗಿ ಇಡುವುದು ಆ ಕಾಗದವನ್ನೇ” ಎಂದನು. ಅವನು ವಿವರಿಸಿದ್ದಿಷ್ಟು: ಸಾಮಾನ್ಯ ನೌಕರನ ವಾಸದ ಪರವಾನಗಿಯು ಅವನ ನೌಕರಿಗೆ ಕಟ್ಟಿದುದು, ಎರಡೆರಡು ವರ್ಷಕ್ಕೆ ಹೊಸದು ಮಾಡಿಸಬೇಕು. ಹೆಂಡತಿ ಮಕ್ಕಳ ಪರವಾನಗಿಯು ಅವನದಕ್ಕೆ ಕಟ್ಟಿದುದು. ನೌಕರಿ ಹೋದರೆ, ಕೊಟ್ಟ ಅವಧಿಯೊಳಗೆ ಬೇರೊಂದನ್ನು ಹುಡುಕಬೇಕು, ಇಲ್ಲವೇ ದೇಶವನ್ನು ಬಿಡಬೇಕು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಆ ನಾಡಿನ ಪೌರತ್ವ ಬಾರದು. ತಂದೆಯು ಎಷ್ಟು ವರ್ಷ ದುಡಿದರೂ ದುಡಿಮೆಯೊಂದರಿಂದಲೇ ಅವನಿಗೂ ಬಾರದು. ವಿದೇಶೀಯರಿಗೆ ನಿವೃತ್ತಿವೇತನವಿಲ್ಲ. ಅದರ ಬದಲು ಕೆಲಸ ಮುಗಿದಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ೨೧ ದಿನದ ಮೂಲವೇತನದಂತೆಯೂ, ಆಮೇಲಿನ ವರ್ಷಗಳಿಗೆ ೩೦ ದಿನದಂತೆಯೂ ಒಟ್ಟು ಹಣವನ್ನು ಕೈಗಿಡುತ್ತಾರೆ. ತಿಂಗಳು ತಿಂಗಳು ಪಿಂಚಣಿಯನ್ನು ತಿನ್ನುವ ನಾವು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದೆವು.

ಕೋಟೆಯಲ್ಲಿ ಅರಬ್ಬೀ ಲಿಪಿಯ ಬರೆಹವೊಂದರ ಮುಂದೆ ಹುಡುಗಿಯು ನಿಂತು, ಬಲದಿಂದ ಎಡಕ್ಕೆ ಬೆರಳನ್ನು ಸರಿಸುತ್ತ ಒಂದೊಂದೇ ಅಕ್ಷರವನ್ನು ಕೂಡಿಸತೊಡಗಿದಳು. ದುಬೈಯ ಶಾಲೆಗಳಲ್ಲಿ ಅರಬ್ಬಿಯು ಕಡ್ಡಾಯವಾದ ವಿಷಯವಂತೆ. ಕಾವಲುಗಾರನು ಬೆರಗಾಗಿ ನೋಡುತ್ತಿದ್ದನು. ಮುಂದೆ ವಸ್ತುಸಂಗ್ರಹದ ಬಳಿ ಕನ್ನಡದ ಫಲಕವನ್ನು ಕಂಡಾಗ ಮಾತ್ರ ಅವಳು ನಮ್ಮ ಮುಖವನ್ನು ನೋಡಿದಳು. ಕನ್ನಡವನ್ನು ಅರಳು ಹುರಿದಂತೆ ಮಾತನಾಡುವ ಮಗುವಿಗೆ ಕನ್ನಡದ ಅಕ್ಷರಗಳು ಬಾರವು. ತಂದೆಯು ತಲೆಯನ್ನು ತಗ್ಗಿಸಿದನು. ದುಬೈಯಲ್ಲಿ ಕನ್ನಡಿಗರು ರಜಾದಿನಗಳಲ್ಲಿ ಮಕ್ಕಳಿಗೆ ಉಚಿತವಾಗಿ ಕನ್ನಡ ಪಾಠಶಾಲೆಯನ್ನು ನಡೆಸುತ್ತಿರುವರೆಂದೂ, ತಾನಿರುವುದು ಊರಿನ ಮತ್ತೊಂದು ತುದಿಯಲ್ಲೆಂದೂ ಹೇಳಿದನು.

ಸಂಜೆ ತ್ರಿಪುರಾಂತಕ ಕೆರೆಯ ದಂಡೆಗೆ ಹೋದೆವು. ತೆರೆದ ಬಯಲಿನಲ್ಲಿ ಕಾವಲಿಲ್ಲದೆ ಬಿದ್ದಿರುವ ಅಷ್ಟು ಸಿಹಿನೀರು ಅವಳಿಗೆ ಕೋಟೆಗಿಂತ ದೊಡ್ಡ ಸೋಜಿಗವಾಯಿತು. ಅವರ ನಗರದಲ್ಲಿ ಕುಡಿಯುವ ನೀರು ಸಮುದ್ರದ ಉಪ್ಪನ್ನು ತೆಗೆದುದು. ಬೇಸಗೆಯಲ್ಲಿ ಬಿಸಿಲು ಎಷ್ಟು ಉಗ್ರವೆಂದರೆ ಜೂನ್ ೧೫ರಿಂದ ಸೆಪ್ಟೆಂಬರ್ ೧೫ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲಿನಲ್ಲಿ ದುಡಿಸುವುದನ್ನು ಸರಕಾರವೇ ನಿಷೇಧಿಸಿದೆ. ಆದರೂ ಮರುಭೂಮಿಯವರಿಗೆ ನೀರಿನ ವಿದ್ಯೆ ಹೊಸದೆಂದು ತಿಳಿಯಬಾರದು. ಅಲ್ ಐನ್ ಎಂಬ ಊರಿನಲ್ಲಿ ನೆಲದೊಳಗಿನ ಕಾಲುವೆಗಳಿಂದ ಖರ್ಜೂರದ ತೋಟಗಳಿಗೆ ನೀರು ಹರಿಯುವುದನ್ನು ಹುಡುಗಿಯು ನೋಡಿದ್ದಳು. ಅಂತಹದೇ ಸುರಂಗ ಬಾವಿಗಳ ಸಾಲು ನಮ್ಮ ಬೀದರದ ನೌಬಾದಿನಲ್ಲಿಯೂ ಇರುವುದೆಂದೂ, ಬಹಮನಿಯರ ಕಾಲದಲ್ಲಿ ಆ ವಿದ್ಯೆಯು ಪಾರಸಿಕ ದೇಶದಿಂದ ಬಂದಿತೆಂದೂ ತಿಳಿಸಿದೆವು.

ಮರುದಿನ ಬೆಳಿಗ್ಗೆ ಅನುಭವ ಮಂಟಪದ ಕಡೆಗೆ ನಡೆದೆವು. ೨೦೨೧ರ ಜನವರಿಯಲ್ಲಿ ಇಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲನ್ನಿಟ್ಟರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಸುತ್ತ ಕೂಡಿದ ಶರಣರಲ್ಲಿ ಈ ಊರಿನವರಿಗಿಂತ ಹೊರಗಿನಿಂದ ಬಂದವರ ಹೆಸರುಗಳೇ ಹೆಚ್ಚಾಗಿ ಕೇಳಿಬರುತ್ತವೆ. ಅಕ್ಕಮಹಾದೇವಿಯು ಉಡುತಡಿಯಿಂದ ಬಂದಳು. ಕಾಶ್ಮೀರದ ಅರಸನಾಗಿದ್ದವನು ಇಲ್ಲಿಗೆ ಬಂದು ಕಟ್ಟಿಗೆಯ ಹೊರೆಯನ್ನು ಮಾರಿ ಮೋಳಿಗೆಯ ಮಾರಯ್ಯನಾದನೆಂದು ಐತಿಹ್ಯವಿದೆ. ಬಂದವರನ್ನು ಯಾವ ಊರೆಂದು ಕೇಳುವುದಕ್ಕಿಂತ ಯಾವ ಕಾಯಕವೆಂದು ಕೇಳುವುದು ಅಲ್ಲಿನ ಪದ್ಧತಿಯಾಗಿತ್ತು.

ಇದನ್ನು ಕೇಳಿ ನಮ್ಮ ಅಳಿಯನು ತನ್ನ ಮೊದಲ ವರ್ಷಗಳನ್ನು ನೆನೆದನು. ಊರಿನ ದಲ್ಲಾಳಿಯೊಬ್ಬನು ಹೇಳಿದ ಸಂಬಳವೊಂದು, ಅಲ್ಲಿ ಇಳಿದ ಮೇಲೆ ಕೈಗೆ ಬಂದುದು ಮತ್ತೊಂದು. ಒಂದು ಕೋಣೆಯಲ್ಲಿ ಎಂಟು ಜನ. ಬಾಡಿಗೆಗೆ ಸಿಗುವುದು ಮನೆಯಲ್ಲ, ಕೋಣೆಯೂ ಅಲ್ಲ, ಮಲಗುವಷ್ಟು ಜಾಗ. ಅದಕ್ಕೆ ‘ಬೆಡ್‌ಸ್ಪೇಸ್’ ಎಂದು ಹೆಸರು. ಕೂಲಿಕಾರರ ವಸತಿಗಳು ತುಂಬಿದ ಪ್ರದೇಶವೊಂದಕ್ಕೆ ನಮ್ಮವರೇ ಸೋನಾಪುರವೆಂದು ಹೆಸರಿಟ್ಟಿದ್ದಾರೆ. ನಸುಕಿನಲ್ಲಿ ಬಸ್ಸುಗಳು ಜನರನ್ನು ತುಂಬಿಕೊಂಡು ಹೋಗಿ, ಕತ್ತಲಾದ ಮೇಲೆ ತಂದಿಳಿಸುತ್ತವೆ. ಆ ಕೋಣೆಯಲ್ಲಿ ಮಲಯಾಳದವರೂ, ನೇಪಾಳದವರೂ, ಪಾಕಿಸ್ತಾನದ ಪಠಾಣನೊಬ್ಬನೂ ಇದ್ದರಂತೆ. ಅಳಿಯನಿಗೆ ಜ್ವರ ಬಂದಾಗ ಮೂರು ರಾತ್ರಿ ನೆತ್ತಿಗೆ ಒದ್ದೆಬಟ್ಟೆ ಹಾಕಿದವನು ಆ ಪಠಾಣನೇ. “ಮಾಮಾ, ನಮ್ಮ ಅನುಭವ ಮಂಟಪ ಅದು” ಎಂದನು. ಎಂಟು ಶತಮಾನಗಳ ಹಿಂದಿನ ಮಾತಿಗೆ ಇಷ್ಟು ಹೊಸ ವ್ಯಾಖ್ಯಾನವನ್ನು ನಾವು ಯಾವ ಗ್ರಂಥದಲ್ಲಿಯೂ ಓದಿರಲಿಲ್ಲ.

ಮಧ್ಯಾಹ್ನ ಸಸ್ತಾಪುರದ ಬಂಗಲೆಯ ಬಳಿ ಹೆದ್ದಾರಿಯನ್ನು ಹಿಡಿದು ಹುಮನಾಬಾದಿಗೆ ಹೊರಟೆವು. ಇಕ್ಕೆಲಗಳಲ್ಲಿ ತೊಗರಿಯೂ ಬಿಳಿಜೋಳವೂ ಎದೆಯೆತ್ತರ ನಿಂತಿದ್ದವು. ದಾರಿಯಲ್ಲಿ ಹೋಗಿಬರುವ ಲಾರಿಗಳನ್ನು ನೋಡುತ್ತ, ಜನದ ಪ್ರವಾಹವೂ ಹೀಗೆಯೇ ಎರಡು ಕಡೆಗೂ ಹರಿಯುವುದೆಂದು ಮಗುವಿಗೆ ಹೇಳಿದೆವು. ಹತ್ತೊಂಬತ್ತನೆಯ ಶತಮಾನದಲ್ಲಿ ಅರಬಸ್ತಾನದ ಹದ್ರಮೌತಿನಿಂದ ಸಾವಿರಾರು ಜನರು ಹೊಟ್ಟೆಯ ಪಾಡಿಗಾಗಿ ಹೈದರಾಬಾದಿಗೆ ಬಂದು ನಿಜಾಮರ ಸೈನ್ಯದಲ್ಲಿ ಸಿಪಾಯಿಗಳಾದರು. ಹೈದರಾಬಾದಿನ ಬಾರ್ಕಸ್ ಬಡಾವಣೆಯಲ್ಲಿ ಅವರ ವಂಶದವರು ಇಂದಿಗೂ ಇದ್ದಾರೆ. ೧೯೪೮ರವರೆಗೆ ನಮ್ಮ ಬೀದರವೂ ಆ ನಿಜಾಮ ರಾಜ್ಯಕ್ಕೆ ಸೇರಿತ್ತು. ದುಬೈಯಲ್ಲಿಯೂ ೧೯೬೬ರವರೆಗೆ ನಡೆಯುತ್ತಿದ್ದುದು ರೂಪಾಯಿಯೇ. ಆ ದೇಶಗಳಿಗಾಗಿ ರಿಸರ್ವ್ ಬ್ಯಾಂಕು ೧೯೫೯ರಲ್ಲಿ ಬೇರೆ ನೋಟುಗಳನ್ನೇ ಹೊರಡಿಸಿತ್ತು. ಮುಂದೆ ಎಣ್ಣೆಯು ಅವರ ಭಾಗ್ಯವನ್ನು ತೆರೆಯಿತು, ದಾರಿ ತಿರುಗಿತು, ಅವರು ಬರುತ್ತಿದ್ದಲ್ಲಿ ನಾವು ಹೋಗತೊಡಗಿದೆವು.

ಹುಮನಾಬಾದದಲ್ಲಿ ಮೊದಲು ಮಾಣಿಕನಗರಕ್ಕೆ ಹೋದೆವು. ೧೮೧೭ರಲ್ಲಿ ಹುಟ್ಟಿ ೧೮೬೫ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಎಲ್ಲ ಮತಗಳನ್ನೂ ಸಮನಾಗಿ ಕಾಣುವ ಸಕಲಮತವನ್ನು ಬೋಧಿಸಿದವರು. ಮರಾಠಿ, ಕನ್ನಡ, ಉರ್ದು ಮುಂತಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ಹಿಂದೂಗಳೊಡನೆ ಮುಸಲ್ಮಾನರೂ ಅಲ್ಲಿಗೆ ಬರುತ್ತಾರೆ. ಆಮೇಲೆ ವೀರಭದ್ರೇಶ್ವರನ ದರ್ಶನವನ್ನು ಮಾಡಿಕೊಂಡು, ಗುಡಿಗೆ ಸಮೀಪದಲ್ಲಿಯೇ ಇರುವ ಅಕ್ಕನ ಮನೆಯನ್ನು ಸೇರಿದೆವು.

ಬಿಸಿ ರೊಟ್ಟಿ, ಪುಂಡಿಪಲ್ಯಗಳ ಊಟವಾದ ಮೇಲೆ ಮನೆಯ ಮಾತು ಬಂದಿತು. ಅಳಿಯನು ಲೆಕ್ಕವನ್ನು ಬಿಡಿಸಿ ಹೇಳಿದನು. ಅವನ ಮಾತಿನಲ್ಲಿ ಅವಿವೇಕವೇನೂ ಇರಲಿಲ್ಲ. ಮಾಳಿಗೆ ಸೋರುತ್ತದೆ, ಅಕ್ಕನಿಗೆ ಎಪ್ಪತ್ತು ದಾಟಿತು, ರಾತ್ರಿ ಹೊತ್ತು ಏನಾದರೂ ಆದರೆ ನೋಡುವವರಿಲ್ಲ. ಆಗ ಹುಡುಗಿಯು, “ಈ ಮನೆ ಯಾರದು, ಅಜ್ಜಾ?” ಎಂದಳು.

ಈ ಪ್ರಶ್ನೆಗೆ ಉತ್ತರವನ್ನು ನಾವು ಕಲ್ಯಾಣದಿಂದಲೇ ತರಬೇಕಾಯಿತು. ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಹಿರಿಯರಿಂದ ಬಂದ ಸೊತ್ತಿನಲ್ಲಿ ಮಗನಿಗೆ ತಂದೆಯ ಮರಣದಿಂದಲ್ಲ, ತನ್ನ ಜನನದಿಂದಲೇ ಹಕ್ಕು ಬರುವುದೆಂಬುದು ಅವನ ಸಿದ್ಧಾಂತ. ಬಂಗಾಳದ ದಾಯಭಾಗ ಪದ್ಧತಿಯು ಇದನ್ನು ಒಪ್ಪದು. ಭಾರತದ ಉಳಿದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ನ್ಯಾಯವು ಈ ಗ್ರಂಥವನ್ನೇ ಅನುಸರಿಸಿ ಬೆಳೆಯಿತು. ೧೯೫೬ರ ಉತ್ತರಾಧಿಕಾರ ಕಾನೂನಿಗೆ ೨೦೦೫ರಲ್ಲಿ ಆದ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಆ ಜನ್ಮದ ಹಕ್ಕು ಬಂದಿತು. ಇಂಥ ಮನೆಯಲ್ಲಿ ಇಂಥವರಿಗೆ ಇಷ್ಟೆಂಬುದನ್ನು ವಕೀಲರು ಕಾಗದಪತ್ರಗಳನ್ನು ನೋಡಿ ಹೇಳಬೇಕು. ತತ್ತ್ವವನ್ನು ಮಾತ್ರ ನಾವು ಹೇಳಿದೆವು: “ಮಗು, ನೀನು ಹುಟ್ಟಿದ ದೇಶದಲ್ಲಿ ಹುಟ್ಟಿನಿಂದ ನಿನಗೆ ಯಾವ ಹಕ್ಕೂ ಬರಲಿಲ್ಲ. ನೀನು ಹುಟ್ಟದ ಈ ಊರಿನಲ್ಲಿ ಬಂದಿತು.”

ಅಕ್ಕನು ಶಾಸ್ತ್ರವನ್ನು ಓದಿದವಳಲ್ಲ. ಅವಳು ಮಗನ ಕಡೆಗೆ ತಿರುಗಿ, “ಮಾರಬೇಡ ಅನ್ನುವುದಿಲ್ಲಪ್ಪಾ. ಆ ರೋಗದ ವರ್ಷ ಇವರಿಬ್ಬರನ್ನು ಎಲ್ಲಿ ಇಳಿಸಿದೆ, ಅದನ್ನು ನೆನೆದು ಮಾರು” ಎಂದಳು.

೨೦೨೦ರ ಮೇ ೭ರಿಂದ ಸರಕಾರವು ಹೊರದೇಶಗಳಲ್ಲಿ ಸಿಕ್ಕಿಬಿದ್ದವರನ್ನು ವಿಮಾನಗಳಲ್ಲಿ ಕರೆತಂದ ಸಂಗತಿಯು ವಾಚಕರಿಗೆ ನೆನಪಿರಬಹುದು. ಆ ಬೇಸಗೆಯಲ್ಲಿ ಅಳಿಯನಿಗೆ ಅರ್ಧ ಸಂಬಳ. ಆಮೇಲೆ ಎರಡು ತಿಂಗಳು ಅದೂ ಇಲ್ಲ. ಹೆಂಡತಿಯನ್ನೂ ಮಗಳನ್ನೂ ಊರಿಗೆ ಕಳುಹಿಸಿ ತಾನು ಮತ್ತೆ ಬೆಡ್‌ಸ್ಪೇಸಿಗೆ ಹೋದನು. ಅವರು ಎಂಟು ತಿಂಗಳು ಇದೇ ಸೋರುವ ಮಾಳಿಗೆಯ ಕೆಳಗೆ, ಬಾಡಿಗೆಯ ಚಿಂತೆಯಿಲ್ಲದೆ ಇದ್ದರು. ಮಗುವು ಪಡಸಾಲೆಯ ಕಂಬಕ್ಕೆ ಒರಗಿ ಫೋನಿನಲ್ಲಿ ಪಾಠ ಕೇಳಿದಳು. ಕಂಬದ ಮೇಲೆ ಅವಳು ಆಗ ಬರೆದ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಅಳಿಯನು ಬಹಳ ಹೊತ್ತು ಮಾತನಾಡಲಿಲ್ಲ.

ಮರುದಿನ ಸಮೀಪದ ಜಲಸಂಗಿಗೆ ಹೋದೆವು. ಅಲ್ಲಿನ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಶಿಲೆಯ ಸುಂದರಿಯರ ಸಾಲೊಂದಿದೆ. ಅವರಲ್ಲೊಬ್ಬಳು ಹಲಗೆಯ ಮೇಲೆ ಬರೆಯುತ್ತ ನಿಂತಿದ್ದಾಳೆ. ಬರೆದಿರುವುದು ವಿಕ್ರಮಾದಿತ್ಯನ ಕೀರ್ತಿ. ಒಂಬತ್ತು ಶತಮಾನಗಳಿಂದ ಅವಳ ಕೈ ಕೆಳಗಿಳಿದಿಲ್ಲ. ಹುಡುಗಿಯು ಅವಳ ಮುಂದೆ ನಿಂತು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯುವುದು ಹೇಗೆಂದು ಕೇಳಿದಳು. ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ತೋರಿಸಿದೆವು. ನಾಲ್ಕು ಸಲ ತಿದ್ದಿ ಐದನೆಯ ಸಲ ತಾನೇ ಬರೆದಳು.

ಮನೆಯ ಮಾರಾಟವನ್ನು ಅಳಿಯನು ಸದ್ಯಕ್ಕೆ ನಿಲ್ಲಿಸಿದನು. ಕೊಳ್ಳುವವರಿಗೆ ಮುಂಗಡವನ್ನು ಹಿಂದಿರುಗಿಸಿ, ಅದರ ಹತ್ತರಲ್ಲೊಂದು ಪಾಲಿನಷ್ಟು ಖರ್ಚಿನಲ್ಲಿ ಮಾಳಿಗೆಯನ್ನು ದುರಸ್ತಿ ಮಾಡಿಸಿದನು. ಮುಂದಿನ ಎರಡು ಕೋಣೆಗಳನ್ನು ಉಪಾಧ್ಯಾಯರೊಬ್ಬರ ಸಂಸಾರಕ್ಕೆ ಬಾಡಿಗೆಗೆ ಕೊಟ್ಟುದರಿಂದ ಅಕ್ಕನಿಗೆ ಜೊತೆಯಾಯಿತು. ಅವನು ಎಂದು ಹಿಂದಿರುಗುವನೋ, ಹಿಂದಿರುಗುವನೋ ಇಲ್ಲವೋ, ಹೇಳುವಂತಿಲ್ಲ. ಕೇಳಿ ಅವನನ್ನು ನೋಯಿಸುವುದೂ ತರವಲ್ಲ. ಮಗುವನ್ನು ಕನ್ನಡ ಪಾಠಶಾಲೆಗೆ ಸೇರಿಸಿರುವುದಾಗಿ ಕಾಗದ ಬಂದಿದೆ.

ಮನೆಯವರು ಮರುನಾಡಿನಲ್ಲಿರುವ ವಾಚಕರಿಗೆ ನಮ್ಮದೊಂದು ವಿಜ್ಞಾಪನೆ. ಹೊಸದಾಗಿ ಹೊರಡುವ ಹುಡುಗರು ಸರಕಾರದ ನೋಂದಣಿಯಿರುವ ದಲ್ಲಾಳಿಯನ್ನೇ ಹುಡುಕಲಿ. ಸಂಬಳದ ಮಾತನ್ನು ಬರೆಹದಲ್ಲಿಯೇ ಪಡೆಯಲಿ. ರಜೆಯಲ್ಲಿ ಬಂದವರಿಗೆ ಗುಡಿ ಕೋಟೆಗಳೊಡನೆ ಮನೆಯ ಸೋರುವ ಮಾಳಿಗೆಯನ್ನೂ ತೋರಿಸಿರಿ. ಅವರ ಬೆಡ್‌ಸ್ಪೇಸಿನ ಕಥೆಯನ್ನೂ ಕೇಳಿರಿ. ದೂರ ಹಾರಿದ ಹಕ್ಕಿಗೆ ರೆಕ್ಕೆಯ ಬಲ ಎಷ್ಟಿದ್ದರೂ, ಇಳಿಯುವುದಕ್ಕೆ ಒಂದು ಕೊಂಬೆ ಬೇಕು. ಅದನ್ನು ಕಡಿಯುವ ಮುನ್ನ ಮನೆಯವರೆಲ್ಲರೂ, ಮಕ್ಕಳೂ ಸೇರಿ, ಒಮ್ಮೆ ಕುಳಿತು ಆಲೋಚಿಸುವುದು ಒಳ್ಳೆಯದು.