ಗೌರವ್ವನೂ ಗೌರಮ್ಮನೂ ಒಬ್ಬರೇ

1971ರ ಯುದ್ಧದಲ್ಲಿ ದುಡಿದ ಹೊಸದುರ್ಗ ಕಡೆಯ ಹವಾಲ್ದಾರರೊಬ್ಬರು ಈಚೆಗೆ ತಮ್ಮ ಡಿಸ್ಚಾರ್ಜ್ ಪುಸ್ತಕ ಹಿಡಿದು ಮನೆಗೆ ಬಂದಿದ್ದರು. ಅದರಲ್ಲಿ ಪತ್ನಿಯ ಹೆಸರು ‘ಗೌರವ್ವ’, ಆಧಾರ್‌ನಲ್ಲಿ ‘ಗೌರಮ್ಮ’. ಬಾಯಲ್ಲಿ ಅವ್ವ, ಬರಹದಲ್ಲಿ ಅಮ್ಮ ಎನ್ನುವುದು ನಮ್ಮ ಸೀಮೆಗೆ ಹೊಸತಲ್ಲ. ಆದರೆ ಪತಿಯ ಕಾಲಾನಂತರ ಕುಟುಂಬ ಪಿಂಚಣಿ ಕೇಳುವಾಗ ಇಬ್ಬರೂ ಒಬ್ಬರೇ ಎಂದು ಆ ವೃದ್ಧೆಯೇ ರುಜುವಾತುಪಡಿಸಬೇಕಾಗುತ್ತದೆ.

ನೋಟರಿ ಅಫಿಡವಿಟ್, ಆಧಾರ್ ಪ್ರತಿ ಲಗತ್ತಿಸಿ ರೆಜಿಮೆಂಟಿನ ದಾಖಲೆ ಕಚೇರಿಗೆ ಅರ್ಜಿ ಬರೆದುಕೊಟ್ಟೆ. ಅಲ್ಲಿ ‘ಪಾರ್ಟ್ ಟೂ ಆರ್ಡರ್’ ಹೊರಟ ಬಳಿಕವೇ ಪ್ರಯಾಗರಾಜ್‌ನ ರಕ್ಷಣಾ ಪಿಂಚಣಿ ಕಚೇರಿಯಿಂದ ತಿದ್ದುಪಡಿ ಆದೇಶ ಬರಬೇಕು. “ನಾನಿರೋವಾಗ್ಲೇ ಸರಿಹೋದ್ರೆ ಸಾಕು ಮೇಷ್ಟ್ರೇ” ಎಂದರು ಅವರು.

ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಗಳ ನನ್ನ ಶಿಷ್ಯರೇ, ಬಂಧುಗಳೇ, ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಆ ಪುಸ್ತಕವನ್ನು ಇಂದೇ ತೆರೆದು ನೋಡಿ. ಅವರ ಸಹಿಯಿಂದಲೇ ಈಗ ಆಗಬಹುದಾದ ತಿದ್ದುಪಡಿಗೆ ಮುಂದೆ ಮನೆಯಾಕೆ ಬಹಳ ಅಲೆಯಬೇಕಾದೀತು.