ಹಳೆಯ ಗಣಕಯಂತ್ರದ ನುಡಿ

ಯಂತ್ರಗಳಿಗೂ ಮುಪ್ಪು ತಪ್ಪಿದ್ದಲ್ಲ. ಆದರೆ ಗಣಕಯಂತ್ರದ ಮುಪ್ಪು ಅದರ ಮೈಯಿಂದಲೇ ಆರಂಭವಾಗಬೇಕೆಂದಿಲ್ಲ. ಪರದೆ ಬೆಳಗುತ್ತಿರುತ್ತದೆ, ಕೀಲಿಗಳು ಒತ್ತಿದೊಡನೆ ಅಕ್ಷರ ಮೂಡುತ್ತಿರುತ್ತದೆ. ಸುತ್ತಲಿನ ಯಂತ್ರಗಳು ಮಾತ್ರ ಅದರ ನುಡಿಯನ್ನು ಮರೆತುಬಿಟ್ಟಿರುತ್ತವೆ. ಕೇಳುವವರಿಲ್ಲದ ವೃದ್ಧನಂತೆ ಅದು ತನ್ನೊಳಗಿನದನ್ನೆಲ್ಲ ತನ್ನಲ್ಲಿಯೇ ಇಟ್ಟುಕೊಂಡು ಕುಳಿತಿರುತ್ತದೆ.

ಅಮೆರಿಕದ ಆಪಲ್ ಸಂಸ್ಥೆಯು 1986ರ ಜನವರಿಯಲ್ಲಿ ಹೊರತಂದ ಮ್ಯಾಕಿಂತೋಷ್ ಪ್ಲಸ್ ಇದಕ್ಕೊಂದು ನಿದರ್ಶನ. 1 ಮೆಗಾಬೈಟ್ ಸ್ಮೃತಿಯೊಡನೆ ಮಾರುಕಟ್ಟೆಗೆ ಬಂದ ಆ ಯಂತ್ರವನ್ನು ಹವ್ಯಾಸಿಗಳು ಇಂದಿಗೂ ಜತನದಿಂದ ನಡೆಸುತ್ತಿದ್ದಾರೆ. ಅದರ ಫ್ಲಾಪಿಗಳಲ್ಲಿ ಯಾರದೋ ಯೌವನದ ಪತ್ರಗಳು, ಚಿತ್ರಗಳು, ಅರ್ಧ ಬರೆದ ಪುಸ್ತಕಗಳು ಇರುತ್ತವೆ. ಅದೇ ಮನೆಯ ಮೂಲೆಯಲ್ಲಿ ಇಂದಿನ ಫೈಲ್ ಸರ್ವರ್ ಎಂಬ ಉಗ್ರಾಣ. ಮನೆಮಂದಿಯ ಕಡತಗಳನ್ನೆಲ್ಲ ಕಾಯುವ ಪೆಟ್ಟಿಗೆ. ಒಂದರಿಂದ ಮತ್ತೊಂದಕ್ಕೆ ಹತ್ತು ಹೆಜ್ಜೆಯ ಅಂತರ. ಆದರೆ ಒಂದು ಪತ್ರ ಆ ಹತ್ತು ಹೆಜ್ಜೆಗಳನ್ನು ದಾಟುವುದು ಸಾಮಾನ್ಯ ಸಂಗತಿಯಲ್ಲ.

ಫ್ಲಾಪಿಯನ್ನೇ ತೆಗೆದು ಹೊಸ ಯಂತ್ರಕ್ಕೆ ಹಾಕಿದರಾಯಿತಲ್ಲ ಎಂದು ಯಾರಿಗಾದರೂ ತೋರಬಹುದು. ಆಪಲ್‌ನ 800 ಕಿಲೋಬೈಟ್ ಫ್ಲಾಪಿ ಹೊರ ಅಂಚಿನಲ್ಲಿ ನಿಧಾನವಾಗಿಯೂ ಒಳಕ್ಕೆ ಸರಿದಂತೆ ವೇಗವಾಗಿಯೂ ತಿರುಗುತ್ತದೆ. ಸಾಮಾನ್ಯ ಡ್ರೈವ್ ಒಂದೇ ವೇಗದ್ದು, ಅದಕ್ಕೆ ಈ ಬರಹ ದಕ್ಕದು. ಆದುದರಿಂದ ತಂತಿಯ ದಾರಿಯನ್ನು ಹಿಡಿಯಬೇಕಾಗುತ್ತದೆ. ಹಳೆಯ ಯಂತ್ರ ಬಲ್ಲ ತಂತಿ ಲೋಕಲ್‌ಟಾಕ್, ಸೆಕೆಂಡಿಗೆ 230.4 ಕಿಲೋಬಿಟ್ ವೇಗದ್ದು, ಮನೆಯದು ಈಥರ್‌ನೆಟ್. ಎರಡರ ನಡುವೆ ಸೇತುವೆಯಾಗುವ ಸಣ್ಣ ಪೆಟ್ಟಿಗೆಯೊಂದು ಬೇಕು. ಒಂದು ಫ್ಲಾಪಿ ತುಂಬ ಇರುವ ಕಡತ ದಾಟಲು ಕಾಗದದ ಲೆಕ್ಕದಂತೆ ಅರ್ಧ ನಿಮಿಷ ಸಾಕು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಈ ಹವ್ಯಾಸಕ್ಕೆ ಬರಲಾರರು.

ತಂತಿ ಕೂಡಿದ ಮೇಲೆ ನುಡಿಯ ಪ್ರಶ್ನೆ. ಆ ಕಾಲದ ಮ್ಯಾಕಿಂತೋಷ್‌ಗಳ ನುಡಿ ಆಪಲ್‌ಟಾಕ್. ಅದನ್ನು ಹುಟ್ಟಿಸಿದ ಸಂಸ್ಥೆಯೇ 2009ರಲ್ಲಿ ತನ್ನ ಹೊಸ ವ್ಯವಸ್ಥೆಯಿಂದ ಅದನ್ನು ಕೈಬಿಟ್ಟಿತು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ನೆಟಟಾಕ್ ಎಂಬ ಮುಕ್ತ ತಂತ್ರಾಂಶವೂ 2012ರ ತನ್ನ ಮೂರನೆಯ ಆವೃತ್ತಿಯಲ್ಲಿ ಅದನ್ನು ತೊರೆಯಿತು. ಆದರೆ 2024ರ ನಾಲ್ಕನೆಯ ಆವೃತ್ತಿಯಲ್ಲಿ ಆ ನುಡಿ ಮರಳಿ ಬಂದಿತು. ಒಮ್ಮೆ ತ್ಯಜಿಸಿದ್ದನ್ನು ಹನ್ನೆರಡು ವರ್ಷಗಳ ತರುವಾಯ ಹೀಗೆ ಬರಮಾಡಿಕೊಳ್ಳುವುದು ತಂತ್ರಾಂಶ ಲೋಕದಲ್ಲಿ ಅಪರೂಪವೇ ಸರಿ. ಹಣದ ಲಾಭವನ್ನು ಎಣಿಸುವವರು ಮಾಡುವ ಕೆಲಸ ಇದಲ್ಲ.

ನುಡಿ ಬಂದರೂ ಉಗ್ರಾಣವು ಒಂದು ಸಣ್ಣ ಸುಳ್ಳನ್ನು ಆಡಬೇಕಾಗುತ್ತದೆ. ಆ ಕಾಲದ ವ್ಯವಸ್ಥೆ 2 ಗಿಗಾಬೈಟಿನಾಚೆಯ ಜಾಗವನ್ನು ಎಣಿಸಲಾರದು. ಆದ್ದರಿಂದ ಸಾವಿರಾರು ಗಿಗಾಬೈಟುಗಳ ಒಡೆಯನಾದ ಸರ್ವರ್, ತನ್ನಲ್ಲಿರುವುದು ಇಷ್ಟೇ ಎಂದು ಹೇಳುವಂತೆ ಮಿತಿಯನ್ನು ಗೊತ್ತುಪಡಿಸುತ್ತಾರೆ. ಹಿರಿಯರು ಗಾಬರಿಗೊಳ್ಳದಿರಲೆಂದು ಆಡುವ ಸುಳ್ಳು ಇದು.

ಇನ್ನೊಂದು ಸೂಕ್ಷ್ಮವಿದೆ. ಹಳೆಯ ಮ್ಯಾಕಿಂತೋಷ್‌ನ ಕಡತಕ್ಕೆ ಎರಡು ಅಂಗಗಳಿರಬಹುದು. ಒಂದರಲ್ಲಿ ದತ್ತಾಂಶ, ಇನ್ನೊಂದರಲ್ಲಿ ಚಿಹ್ನೆ, ಫಾಂಟು ಮೊದಲಾದ ಸಾಮಗ್ರಿ. ಆಗಿನ ತಂತ್ರಾಂಶಗಳ ಆದೇಶಗಳೂ ಈ ಎರಡನೆಯ ಅಂಗದಲ್ಲಿಯೇ ಇದ್ದವು. ಇದನ್ನರಿಯದೆ ಸಾಮಾನ್ಯ ವಿಧಾನದಿಂದ ನಕಲು ಮಾಡಿದರೆ ಸರ್ವರಿನಲ್ಲಿ ಹೆಸರು ಇರುತ್ತದೆ, ಗಾತ್ರ ಸೊನ್ನೆ ಇರುತ್ತದೆ. ನೆಟಟಾಕ್ ಈ ಎರಡನ್ನೂ ಜೋಡಿಯಾಗಿಯೇ ಕಾಪಾಡುತ್ತದೆ. ಅದರ ದೊಡ್ಡ ಉಪಕಾರ ಇದೇ ಎನ್ನಬೇಕು.

ವಿಂಡೋಸ್ 98ರ ಕಾಲದ ಯಂತ್ರಗಳ ಸಮಸ್ಯೆ ಬೇರೆ ಬಗೆಯದು. ಅವು ಬಲ್ಲ ಎಸ್‌ಎಂಬಿ ಎಂಬ ನುಡಿಯ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನೇ ಹಿಡಿದು 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತಿನಲ್ಲೆಲ್ಲ ಹಬ್ಬಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದಕ್ಕೆ ಹೋದವು. 2019ರಿಂದ ಸಾಂಬಾ ತಂತ್ರಾಂಶವೂ ಆ ಬಾಗಿಲನ್ನು ಮೊದಲೇ ಮುಚ್ಚಿಕೊಂಡು ಬರುತ್ತಿದೆ. ಹಳೆಯ ಯಂತ್ರಕ್ಕಾಗಿ ಅದನ್ನು ಮತ್ತೆ ತೆರೆಯಬಹುದು. ಆದರೆ ಒಬ್ಬ ಅತಿಥಿಗಾಗಿ ಇಡೀ ಉಗ್ರಾಣದ ಅಗುಳಿ ತೆಗೆಯುವುದು ವಿವೇಕವಲ್ಲ. ಅಗ್ಗದ ಪುಟ್ಟ ಗಣಕವೊಂದನ್ನು ನಡುವೆ ನಿಲ್ಲಿಸಿ, ಒಂದೇ ಒಂದು ಫೋಲ್ಡರನ್ನು ಅದಕ್ಕೊಪ್ಪಿಸಿ, ಹಳೆಯ ಯಂತ್ರಕ್ಕೆ ಅಂತರಜಾಲದ ಸಂಪರ್ಕವನ್ನೇ ಕೊಡದಿರುವುದು ಮೇಲು. ದುಭಾಷಿಯು ಎರಡೂ ಕಡೆ ಮಾತಾಡುತ್ತಾನೆ. ಉಗ್ರಾಣದ ಬೀಗದ ಕೈ ಅವನ ಬಳಿ ಇರುವುದಿಲ್ಲ.

ಕನ್ನಡದ ಕಡತಗಳಿಗೆ ಇಷ್ಟರಿಂದಲೇ ಮುಗಿಯದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತರೂ, ಮುದ್ರಣಾಲಯಗಳು ಬಹುಕಾಲ ತಮ್ಮ ತಮ್ಮ ಫಾಂಟುಗಳ ಸಂಕೇತಗಳನ್ನೇ ಬಳಸಿದವು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಒತ್ತು, ಕೊಂಬು, ತಲೆಕಟ್ಟುಗಳನ್ನು ಕೂರಿಸಿದ್ದವು. ಅಂತಹ ಕಡತ ಸರ್ವರಿಗೆ ಸುರಕ್ಷಿತವಾಗಿ ತಲುಪಿದರೂ ಹೊಸ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ಸಾಲೇ ಕಾಣುತ್ತದೆ. ಯಾವ ಫಾಂಟಿನಲ್ಲಿ ಬರೆದದ್ದೆಂದು ತಿಳಿದರೆ ಮಾತ್ರ ಯೂನಿಕೋಡಿಗೆ ಪರಿವರ್ತಿಸಬಹುದು. ಆದುದರಿಂದ ಕಡತದೊಡನೆ ಆ ಫಾಂಟನ್ನೂ ಅದೇ ಫೋಲ್ಡರಿನಲ್ಲಿ ನಕಲು ಮಾಡಿಡಬೇಕು, ಹಳೆಯ ಯಂತ್ರ ಇನ್ನೂ ಚಾಲನೆಯಲ್ಲಿರುವಾಗಲೇ.